ಕೋರ್ಟಿನ ಪಡಸಾಲೆಯಲ್ಲಿ ಬಿಚ್ಚಿದ ಛತ್ರಿ

ಮೊದಲೇ ಹೇಳಿಬಿಡುತ್ತೇನೆ, ಆ ಛತ್ರಿಯ ಬಣ್ಣ ನನಗೆ ಖಚಿತವಿಲ್ಲ. ಕಪ್ಪು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿಯೇ ಅದು ಕಪ್ಪಾಗಿರಬಹುದು. ಅವತ್ತು ಹೊರಗೆ ಮಳೆ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.

ಕಳೆದ ತಿಂಗಳು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಟೀಚರ್ ಮನೆಯ ಬಾಗಿಲ ಹಿಂದೆ ಚಪ್ಪಲಿ ಬಿಡುವಾಗ ಮೂಗಿಗೆ ಆ ವಾಸನೆ ಬಂತು. ಪೂರ್ತಿ ಒಣಗುವ ಮೊದಲೇ ಮಡಚಿಟ್ಟ ಛತ್ರಿ ಬಟ್ಟೆಯದು. ಸ್ವಲ್ಪ ಮುಗ್ಗಲು, ಸ್ವಲ್ಪ ತುಕ್ಕು. ಮೊಳೆಯಲ್ಲಿ ಮೂರು ಛತ್ರಿ ನೇತಾಡುತ್ತಿದ್ದವು: ಒಂದು ಕಪ್ಪು, ಒಂದು ನೀಲಿ, ಇನ್ನೊಂದು ಬಣ್ಣವೇ ಹೋದದ್ದು. ಒಳಗೆ ಅವರ ಹದಿಮೂರನೆಯ ದಿನದ ಊಟಕ್ಕೆ ಎಲೆ ಹಾಕುತ್ತಿದ್ದರು.

ಟೀಚರ್ ನಮ್ಮ ಬಿಲ್ಡಿಂಗಿನ ಕೆಳಗಿನ ಮಹಡಿಯವರು. ಉಡುಪಿ ಕಡೆಯವರು, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದರು. ಮೆಟ್ಟಿಲಲ್ಲಿ ಯಾರ ಮಕ್ಕಳು ಸಿಕ್ಕರೂ ಮಗ್ಗಿ ಕೇಳುತ್ತಿದ್ದರು, ಆದ್ದರಿಂದ ಅವರನ್ನು ಕಂಡರೆ ಮಕ್ಕಳು ಲಿಫ್ಟ್ ಹಿಡಿಯುತ್ತಿದ್ದರು. ಹಿಂದಿನ ಚಾಳಿನ ಸಾಲುಮನೆಗಳಿಂದ ಒಬ್ಬಳು ಹುಡುಗಿ ಮಾತ್ರ ಸಂಜೆ ಅವರ ಹತ್ತಿರ ತಾನಾಗಿ ಓದಲು ಬರುತ್ತಿದ್ದಳು. ವಿಜಯಪುರದ ಕಡೆಯ ಕುಟುಂಬ. ತಂದೆಯದು ಲೋಡಿಂಗ್ ಕೆಲಸ, ತಾಯಿಯದು ಕಟ್ಟಡದ ಕೆಲಸ. ಅದೇ ಚಾಳಿನ ಗಂಡಸೊಬ್ಬ ಆ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ. ಸಿಕ್ಕಿಬಿದ್ದ, ಜಾಮೀನಿನ ಮೇಲೆ ಹೊರಗೂ ಬಂದ.

ಸಾಕ್ಷಿ ಹೇಳಲು ಅವಳು ಮೊದಲ ಸಲ ಹೋದಾಗ ಪಡಸಾಲೆಯ ಎದುರು ಬೆಂಚಿನಲ್ಲಿ ಅವನೇ ಕೂತಿದ್ದನಂತೆ. ಏನೂ ಅನ್ನಲಿಲ್ಲ. ನೋಡಿದ, ಕೆಮ್ಮಿದ, ಅಷ್ಟೆ. ಒಳಗೆ ಹೋದ ಹುಡುಗಿಗೆ ಬಾಯೇ ಬರಲಿಲ್ಲ. ಬೇರೆ ತಾರೀಖು ಕೊಟ್ಟರು. ಈ ಸಲವೂ ಅವಳು ಮಾತಾಡದಿದ್ದರೆ ಕೇಸು ನಿಲ್ಲುವುದಿಲ್ಲ ಎಂದು ಸರ್ಕಾರಿ ವಕೀಲರು ತಾಯಿಗೆ ಹೇಳಿ ಕಳಿಸಿದ್ದರು.

ನಾನಾಗ ಎಂ.ಎ. ಓದುತ್ತಿದ್ದೆ. ನ್ಯಾಯವ್ಯವಸ್ಥೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವನಾಗಿದ್ದೆ, ಅದು ಟೀಚರಿಗೂ ಗೊತ್ತಿತ್ತು. "ನೀನೊಬ್ಬ ಜೊತೆಗೆ ಬಾ. ಬರೇ ನಿಂತ್ಕೊಂಡ್ರೆ ಸಾಕು, ಮಾತಾಡ್ಲಿಕ್ಕೆ ಹೋಗ್ಬೇಡ ಮಾರಾಯ" ಎಂದರು.

ಯಾವ ಊರಿನ ಕೋರ್ಟು ಎಂದು ಬರೆಯುವುದಿಲ್ಲ. ಎಲ್ಲ ಕೋರ್ಟುಗಳ ಹಾಗೆ ಅದಕ್ಕೂ ಒಂದೇ ಪಡಸಾಲೆ. ನಾವು ಕೂತು ಸ್ವಲ್ಪ ಹೊತ್ತಿಗೆ ಹುಡುಗಿಯ ತಾಯಿ ಟೀಚರ್ ಕಡೆ ಬಾಗಿ, "ಅಕ್ಕೋರೆ, ಅವ ಬಂದಾನ್ರಿ" ಅಂದಳು. ಟೀಚರ್ ಆ ಕಡೆ ತಿರುಗಿ ಕೂಡ ನೋಡಲಿಲ್ಲ. ಚೀಲದಿಂದ ಛತ್ರಿ ತೆಗೆದು, ಬಿಚ್ಚಿ, ಹುಡುಗಿಯ ಮುಂದೆ ಅಡ್ಡ ಹಿಡಿದರು. ದೊಡ್ಡ ಛತ್ರಿ. ಎದುರಿನವರಿಗೆ ಹುಡುಗಿಯ ಚಪ್ಪಲಿ ಮಾತ್ರ ಕಾಣುತ್ತಿತ್ತು.

ಪಡಸಾಲೆಯ ಪೊಲೀಸಿನವನು ಬಂದು, "ಮ್ಯಾಡಮ್, ಛತ್ರಿ ಬಂದ್ ಕರಾ. ಇಲ್ಲೇನು ಮಳೆ ಬೀಳ್ತಿದೆಯಾ?" ಎಂದು ಕೊಂಕು ತೆಗೆದ. ಎದುರಿನ ಬೆಂಚು ಖಾಲಿ ಮಾಡಿಸಿ, ಆಮೇಲೆ ಮಡಚುತ್ತೇನೆ ಎಂದು ಟೀಚರ್ ಮರಾಠಿಯಲ್ಲೇ ಹೇಳಿದರು. ಅವನು ಬೆಂಚಿನತ್ತ ನೋಡಿ ತನ್ನ ಜಾಗಕ್ಕೆ ಹೋದ. ಆಮೇಲೆ ಆರೋಪಿಯ ಕಡೆಯ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ, ಸೂರಿನ ಕೆಳಗೆ ಛತ್ರಿ ಬಿಚ್ಚಿದರೆ ಅಪಶಕುನ ಎಂದಳು.

"ಯಾರಿಗೆ?" ಎಂದರು ಟೀಚರ್.

ನಮ್ಮ ಬೆಂಚಿನ ಮೇಲೆ ಯಾರೋ ನಕ್ಕರು. ನಾನೇ ಇರಬಹುದು… ಮಧ್ಯಾಹ್ನದವರೆಗೂ ಅವರು ಕೈ ಬದಲಾಯಿಸುತ್ತ ಛತ್ರಿ ಹಿಡಿದೇ ಇದ್ದರು. ನಾನು ಹಿಡಿಯುತ್ತೇನೆ ಎಂದು ಒಮ್ಮೆಯಾದರೂ ಕೇಳಿದೆನೋ ಇಲ್ಲವೋ. ಕೇಳಿದ್ದೆ ಎಂದು ಅಂದುಕೊಳ್ಳಲು ಇಷ್ಟ.

ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ. ಹುಡುಗಿಯ ಜೊತೆಗೆ ಟೀಚರನ್ನು ಒಳಗೆ ಬಿಟ್ಟರು. ಅಲ್ಲಿ ನಡೆದದ್ದನ್ನು ಅವರು ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುವಾಗ ಹೇಳಿದರು. ಕೃತ್ಯ ನಡೆದ ಕೋಣೆಯ ಬಾಗಿಲು ಯಾವ ಬಣ್ಣದ್ದು ಎಂದು ಆರೋಪಿಯ ವಕೀಲರು ನ್ಯಾಯಾಧೀಶರ ಮೂಲಕ ಪ್ರಶ್ನೆ ಹಾಕಿಸಿದರಂತೆ. ಹುಡುಗಿ ಇಲ್ಲೇ ಹುಟ್ಟಿದವಳು, ಅಳುಕಿದಾಗ ಅವಳ ಬಾಯಿಗೆ ಬರುತ್ತಿದ್ದುದು ಹಿಂದಿ. "ದರವಾಜಾ ಯಾದ್ ನಹೀಂ. ವೋ ಯಾದ್ ಹೈ." ಬಾಗಿಲು ನೆನಪಿಲ್ಲ, ಅವನು ನೆನಪಿದ್ದಾನೆ. ಅದಾದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳಂತೆ.

ತೀರ್ಪು ಬರಲು ವರ್ಷಗಳೇ ಹಿಡಿದವು. ಶಿಕ್ಷೆಯಾಯಿತು. ಮೇಲ್ಮನವಿ ಇನ್ನೂ ನಡೆಯುತ್ತಿದೆ.

ನೆನಪನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ, ಅದನ್ನು ಇವತ್ತಿಗೂ ಬಿಟ್ಟಿಲ್ಲ. ಆದರೆ ಬೆಳೆದ ಗಂಡಸು, ಯಾವ ಭಯವೂ ಇಲ್ಲದೆ ಪಕ್ಕದಲ್ಲಿ ನಿಂತಿದ್ದವನು, ನಾನು ಛತ್ರಿಯ ಬಣ್ಣ ಮರೆತರೆ ಯಾರೂ ನನ್ನನ್ನು ಸುಳ್ಳುಗಾರ ಎನ್ನುವುದಿಲ್ಲ. ಅವಳು ಬಾಗಿಲಿನ ಬಣ್ಣ ಮರೆತರೆ ಕೇಸೇ ಅಲುಗಾಡುತ್ತದೆ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಸಾಕ್ಷ್ಯ ಹೇಳುವಾಗ ಮಗುವಿಗೆ ಆರೋಪಿ ಎದುರಾಗದಂತೆ ಕೋರ್ಟು ನೋಡಿಕೊಳ್ಳಬೇಕು ಎಂದು ಪೋಕ್ಸೊ ಕಾನೂನಿನಲ್ಲಿದೆ. ಅವತ್ತೂ ಇತ್ತು. ಒಳಗೆ ಪರದೆಯನ್ನೂ ಹಾಕಿದ್ದರಂತೆ. ಆದರೆ ಪರದೆಯ ತನಕ ತಲುಪಲು ಆ ಪಡಸಾಲೆಯಲ್ಲಿ ಅರ್ಧ ದಿನ ಕೂರಬೇಕು. ಬೇರೆ ಕೋಣೆ ಬೇಕು, ಬೇರೆ ಬಾಗಿಲು ಬೇಕು, ಕರೆದ ದಿನವೇ ಅವಳ ಮಾತು ಕೇಳಿ ಮುಗಿಸಬೇಕು. ಜಾಗವಿಲ್ಲ ಎನ್ನುತ್ತಾರೆ. ಒಂದು ಛತ್ರಿ ಬಿಚ್ಚುವಷ್ಟು ಜಾಗ ಇದ್ದುದನ್ನು ನಾನು ನೋಡಿದ್ದೇನೆ. ಅಷ್ಟರ ಮಟ್ಟಿಗೆ ನನ್ನ ನೆನಪನ್ನು ನಂಬುತ್ತೇನೆ.

ಆ ಹುಡುಗಿ ಈಗ ಖಾರಘರದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಟೀಚರ ಹದಿಮೂರನೆಯ ದಿನದ ಊಟಕ್ಕೆ ಅವಳೂ ಬಂದಿದ್ದಳು, ಬೆಳಿಗ್ಗೆಯಿಂದ ಬಡಿಸುವವರ ಜೊತೆ ಓಡಾಡುತ್ತಿದ್ದಳು. ಕೈ ತೊಳೆಯಲು ಹೊರಬಂದವಳು ನಾನು ಛತ್ರಿಗಳ ಮುಂದೆ ನಿಂತಿದ್ದನ್ನು ನೋಡಿದಳು. ನಾನು ಏನೂ ಕೇಳಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

"ಅವತ್ತಿನ ಛತ್ರಿ ಇದರಾಗ ಐತಿ ಅಣ್ಣಾ" ಅಂದಳು.

ಯಾವುದು ಎಂದೆ.

"ಬಣ್ಣ ಗೊತ್ತಿಲ್ಲ. ನಾ ಹೊರಗಿಂದ ನೋಡೇ ಇಲ್ಲಲ್ಲ. ಒಳಗ ಕಡ್ಡಿ ಬಾಜೂಕ ಹಳದಿ ದಾರದ್ದೊಂದು ತೇಪಿ ಐತಿ. ದಿನಾ ಪೂರಾ ಅದನ್ನ ನೋಡ್ಕೋತ ಕುಂತಿದ್ದೆ."

ಅವಳು ಒಳಗೆ ಹೋದಳು. ಟೀಚರ್ ಇದ್ದಿದ್ದರೆ ಅವರನ್ನೇ ಕೇಳಬಹುದಿತ್ತು… ನಾನು ಕಪ್ಪು ಛತ್ರಿಯನ್ನು ಮೊದಲು ಬಿಚ್ಚಿದೆ. ಮನೆಯೊಳಗೆ ಛತ್ರಿ ಬಿಚ್ಚಬಾರದು ಎಂದು ಒಳಗಿನಿಂದ ಯಾರೋ ಹಿರಿಯರು ಹೇಳಿದರು. ಅದರಲ್ಲಿ ಏನೂ ಇರಲಿಲ್ಲ. ಇನ್ನೊಂದನ್ನೂ ಬಿಚ್ಚಿದೆ.

ನೀಲಿ ಛತ್ರಿಯ ಒಳಗೆ, ಕಡ್ಡಿಯ ಪಕ್ಕದಲ್ಲಿ, ಹಳದಿ ದಾರದ ತೇಪೆ ಇತ್ತು.