ಅಂಗೈಯಲ್ಲಿ ತಿರುಗಿದ ತಟ್ಟೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಡೋದರದಲ್ಲಿ ಕಂಪ್ಯೂಟರ್ ರಿಪೇರಿ ಕೆಲಸದಲ್ಲಿದ್ದೆ. ಮನೆ ಅಲ್ಲಿಯದೇ ಮಂಜಲ್‌ಪುರದಲ್ಲಿ, ಕರೆ ಬಂದರೆ ಅಹಮದಾಬಾದಿನ ನರೋಡಾಕ್ಕೂ ಓಡಬೇಕು, ಸೂರತ್ತಿಗೂ ಓಡಬೇಕು. ಹಾರ್ಡ್ ಡಿಸ್ಕ್ ಎಂದರೆ ನನ್ನ ಪಾಲಿಗೆ ಲೋಹದ ಡಬ್ಬಿ, ಅಷ್ಟೆ. ಒಳಗೇನಿದೆಯೆಂದು ಕೇಳುವ ಪುರುಸೊತ್ತು ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಸೂರತ್ತಿನ ಅಡಾಜಣ್‌ನಿಂದ ಕರೆ ಬಂತು. ಸೀರೆಗಳ ಪ್ರಿಂಟಿಗೆ ಚಿತ್ತಾರ ಬರೆದುಕೊಡುವ ಸಣ್ಣ ಆಫೀಸು. ನಡೆಸುತ್ತಿದ್ದವರು ಐವತ್ತು ದಾಟಿದ ಉಡುಪಿ ಕಡೆಯ ಹೆಂಗಸು. ಗಂಡನ ಮನೆಯವರದು ಹಳೇ ಪೇಟೆಯಲ್ಲಿ ಹೋಟೆಲು. ನನ್ನ ಹಿಂದಿ ಕೇಳಿದ್ದೇ, "ನೀವು ಕನ್ನಡದವರಲ್ವಾ?" ಎಂದರು.

"ಹೌದ್ರೀ ಅಕ್ಕಾರ, ಧಾರವಾಡದಾಂವ."

ಆಫೀಸನ್ನು ತಾಪಿ ನದಿಯ ಆಚೆಯಿಂದ ಇಲ್ಲಿಗೆ ಸಾಗಿಸಿದ್ದರು. ಆ ಗದ್ದಲದಲ್ಲಿ ಹಳೆಯ ಸರ್ವರ್ ಒಂದೆರಡು ತಿಂಗಳು ಮೂಲೆಯಲ್ಲಿ ಆಫ್ ಆಗಿಯೇ ಬಿದ್ದಿತ್ತು. ಈಗ ಹಚ್ಚಿದರೆ ಮೊದಲ ಡಿಸ್ಕ್ ಮಾತ್ರ ಸಿಗುತ್ತಿದೆ, ಚಿತ್ತಾರಗಳಿದ್ದ ಎರಡನೆಯದು ಕಾಣಿಸುತ್ತಲೇ ಇಲ್ಲ. ಕಾಪಿ ಇಟ್ಟಿದ್ದ ಟೇಪೂ ಓದಿಸಿಕೊಳ್ಳಲಿಲ್ಲ.

ಅವರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟರು. "ಹೋದ ವರ್ಷ ಸ್ಟ್ರೋಕ್ ಆಯ್ತು. ಈ ಕೈಯಲ್ಲಿ ಇನ್ನು ಬರೀಲಿಕ್ಕೆ ಆಗುದಿಲ್ಲ ಮಾರಾಯ್ರೆ. ಬರ್ದದ್ದೆಲ್ಲ ಅದ್ರೊಳಗೇ ಉಂಟು."

ನಾನು ಸರ್ವರ್ ಬಿಚ್ಚಿದೆ. ಸಾಗಣೆಯಲ್ಲಿ ಕೇಬಲ್ ಸಡಿಲಾಗಿರಬೇಕೆಂದು ಕಿತ್ತು ಮತ್ತೆ ಚುಚ್ಚಿದೆ. ಕಾಣಲಿಲ್ಲ. ಎರಡು ಡಿಸ್ಕಿಗೂ ಒಂದೇ ಗುರುತಿನ ನಂಬರಿದ್ದರೆ ಒಂದು ಮರೆಯಾಗುತ್ತದೆ. ನೋಡಿದೆ, ನಂಬರ್ ಬೇರೆಯೇ ಇತ್ತು. ಕೇಬಲನ್ನೇ ಬದಲಿಸಿದೆ. ಆಗಲೂ ಇಲ್ಲ. ಕೊನೆಗೆ ಪವರ್ ಕೊಟ್ಟು ಡಿಸ್ಕಿನ ಮೇಲೆ ಬೆರಳಿಟ್ಟರೆ ಸಣ್ಣ ನಡುಕವೂ ಇಲ್ಲ. ಮಾಹಿತಿ ಹೊತ್ತ ಒಳಗಿನ ತಟ್ಟೆ ತಿರುಗುತ್ತಲೇ ಇರಲಿಲ್ಲ.

"ಬಹಳ ದಿನಾ ಸುಮ್ಮನ ಇದ್ದದ್ದಕ್ಕ ತಟ್ಟಿಗೆ ಓದೋ ಮುಳ್ಳು ಅಂಟಿಕೊಂಡಿರಬೇಕ್ರೀ. ಒಂದು ಉಪಾಯ ಐತಿ. ಆದ್ರ ಮುಳ್ಳು ಮುರೀತಂದ್ರ ಎಲ್ಲಾ ಹೋಗ್ತೈತಿ."

ಅವರು ಎಡಗೈಯಿಂದ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ಮಾಡಿ. ಸುಮ್ನೆ ಇಟ್ರೂ ಹೋದ ಹಾಗೇ ಅಲ್ವಾ?"

ಕೇಬಲ್ ಹಾಗೆಯೇ ಇರಲು ಬಿಟ್ಟು ಡಿಸ್ಕನ್ನು ಹೊರಗೆಳೆದು ಅಂಗೈಯಲ್ಲಿ ಹಿಡಿದೆ. ಅವರು ಎಡಗೈಯಿಂದ ಸ್ವಿಚ್ ಒತ್ತಿದರು. ಅಂಟು ಬಿಡಲೆಂದು ನಾನು ಮಣಿಕಟ್ಟನ್ನು ಝಟ್ಟನೆ ತಿರುಗಿಸಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ, ತುಸು ಜೋರಾಗಿ. ಒಳಗೆ ಟಿಕ್ ಎಂದಿತು. ಅಂಗೈಯಲ್ಲಿ ಏನೋ ಮಿಸುಕಿತು, ಮಿಸುಕು ನಡುಕವಾಯಿತು, ನಡುಕ ಸಣ್ಣ ಗುಂಯ್‌ಗುಡುವಿಕೆಯಾಗಿ ಮೇಲೇರಿತು. ಹಕ್ಕಿಮರಿಯನ್ನು ಹಿಡಿದವನಂತೆ ಉಸಿರು ಬಿಗಿಹಿಡಿದು ನಿಂತೆ. ಪರದೆಯ ಮೇಲೆ ಎರಡನೆಯ ಡಿಸ್ಕಿನ ಸಾಲು ಮೂಡಿತು.

"ಬಂತು!" ಎಂದು ಅವರು ಕೂಗಿಯೇಬಿಟ್ಟರು.

ಮತ್ತೆ ಆಫ್ ಮಾಡಲು ಧೈರ್ಯವಾಗದೆ, ಪಕ್ಕದ ಕಂಪ್ಯೂಟರಿಗೆ ನಾನು ತಂದಿದ್ದ ಹೊಸ ಡಿಸ್ಕ್ ಹಾಕಿ, ನೆಟ್‌ವರ್ಕಿನ ಮೂಲಕ ಎಲ್ಲವನ್ನೂ ಅದಕ್ಕೆ ತುಂಬತೊಡಗಿದೆ. ಬಂದುಮುಟ್ಟಿದ ಚಿತ್ತಾರಗಳನ್ನು ಅವರು ಒಂದೊಂದಾಗಿ ತೆರೆದರು. ಹಾಗಲಬಳ್ಳಿ, ಅದರ ಸುರುಳಿ ತಂತುಗಳು. ಮೀನಿನ ಹುರುಪೆಗಳು, ಒಂದರಂತೆ ಒಂದಿಲ್ಲ. ಬಲೆಯ ಕಣ್ಣುಗಳ ನಡುವೆ ಹೊಕ್ಕ ಬಿಸಿಲು. ಇಷ್ಟು ವರ್ಷ ನಾನು ಬದಲಿಸಿ ಎಸೆದ ಡಬ್ಬಿಗಳಂಥದೇ ಒಂದು ಡಬ್ಬಿಯೊಳಗೆ, ಕತ್ತಲಲ್ಲಿ, ಇದೆಲ್ಲ ಇತ್ತು.

"ಇದು ನಂಗೇ ಮರ್ತು ಹೋಗಿತ್ತು," ಎಂದರು ಅವರು, ಒಂದು ಸಣ್ಣ ಏಡಿಯನ್ನು ತೋರಿಸಿ. ಆಮೇಲೆ ಎಡಗೈಯಲ್ಲಿ ಮೌಸ್ ಹಿಡಿದು, ತಡವರಿಸುತ್ತ, ಅದರ ಬೆನ್ನಿಗೆ ಕೆಂಪು ತುಂಬಿದರು. ಬಣ್ಣ ಗೆರೆಯಾಚೆ ಚೆಲ್ಲಿತು. ಅಳಿಸಿ ಮತ್ತೆ ತುಂಬಿದರು.

ಸಂಜೆ ವಡೋದರದ ರೈಲು ಕಿಕ್ಕಿರಿದಿತ್ತು. ಬಾಗಿಲ ಬಳಿ ನಿಂತು, ಒಳಗಿದ್ದ ಹೆಂಗಸರ ಸೀರೆಗಳ ಅಂಚನ್ನು, ಸೆರಗನ್ನು, ಬಳ್ಳಿ ಬಳ್ಳಿಯನ್ನು ನೋಡುತ್ತಲೇ ಹೋದೆ. ಇದನ್ನೆಲ್ಲ ಯಾರೋ ಕೂತು ಬರೆದಿದ್ದಾರೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.