ಖಾಡಿಯ ಕೆಸರಿನಲ್ಲಿ ಹೂತ ಬೈಕು

ಓದುತ್ತಿರುವ ಹಿರಿಯರಿಗೆ, ಗೆಳೆಯರಿಗೆ, ಅಕ್ಕತಂಗಿಯರಿಗೆ ನನ್ನ ನಮಸ್ಕಾರ. ನಾನು ಶಾಲೆಗೆ ಸೇರಿದ್ದೇ ಮೀಸೆ ಚಿಗುರುವ ವಯಸ್ಸಿನಲ್ಲಿ. ಈಗಲೂ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಒತ್ತಕ್ಷರ ತಪ್ಪಿದ್ದರೆ, ಮಾತು ಹಿಂದುಮುಂದಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಗಷ್ಟೇ ಎರಡು ಸಾವಿರದ ಇಸವಿ ದಾಟಿತ್ತು. ನಾನು ಸೂರತ್‌ನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದೆ. ಒಳಗೆ ಹೋದರೆ ಪಾಳಿ ಮುಗಿಯುವ ತನಕ ಗೇಟು ತೆರೆಯುತ್ತಿರಲಿಲ್ಲ. ಬಟ್ಟೆ ಒಣಗಿಸುವ ಮಷೀನಿನ ಪಕ್ಕ ನಿಂತರೆ ಅಂಗಿ ಮೈಗೆ ಅಂಟಿ, ಅಲ್ಲೇ ಒಣಗಿ, ಮತ್ತೆ ಅಂಟುತ್ತಿತ್ತು. ಹೊರಗೆ ಬಂದರೆ ಒಂದೇ ಕೋಣೆಯ ಮನೆ. ಅದಕ್ಕೊಂದು ಕಿಟಕಿ. ತೆರೆದರೆ ಕೈಗೆ ಸಿಗುವಷ್ಟು ಹತ್ತಿರ ಪಕ್ಕದ ಬಿಲ್ಡಿಂಗಿನ ಗೋಡೆ. ನಾನು ಹುಟ್ಟಿದ್ದು ಗದಗ ಕಡೆಯ ಎರೆ ಸೀಮೆಯಲ್ಲಿ, ಕಣ್ಣು ಹಾಯುವ ತನಕ ಬಯಲು ಕಂಡು ರೂಢಿ. ಇಲ್ಲಿ ಕಣ್ಣು ಎಲ್ಲಿ ಹೋದರೂ ಗೋಡೆಗೆ ಬಡಿಯುತ್ತಿತ್ತು. ಹೆಂಡತಿಗೂ ಅದೇ ಗೋಳು. ಆದರೆ ಅವಳಿಗೆ ಬೈಕು ಇರಲಿಲ್ಲ, ನನಗೆ ಇತ್ತು.

ಅದು ನೂರು ಸಿಸಿಯ ಹಳೆಯ ಟೂ ಸ್ಟ್ರೋಕ್ ಗಾಡಿ. ನಾನೂ ವಡೋದರಾದ ಗೆಳೆಯನೊಬ್ಬನೂ ಸೇರಿ ಅದನ್ನು ಮಣ್ಣಲ್ಲಿ ಓಡುವ ಗಾಡಿ ಮಾಡಿದ್ದೆವು. ಗೆಳೆಯ ಮಂಡ್ಯ ಕಡೆಯವನು, ನನಗಿಂತ ಚಿಕ್ಕವನು. ವಡೋದರಾದ ಮಂಜಲ್‌ಪುರದಲ್ಲಿ ಕೋಣೆ ಮಾಡಿಕೊಂಡು ಅಲ್ಲೇ ಹತ್ತಿರದ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ. ರೈಲಿನಲ್ಲಿ ಸೀಟು ಸಿಗದೆ ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ ಜರುಗಿ ಜಾಗ ಕೊಟ್ಟವನು. ಅಂದಿನಿಂದ ಭಾನುವಾರ ಬಂತೆಂದರೆ ಬೆಳಗಿನ ರೈಲಿಗೆ ಸೂರತ್‌ಗೆ ಇಳಿಯುತ್ತಿದ್ದ.

ಹಿಂದಿನ ಗಾಲಿಗೆ ದೊಡ್ಡ ಚೈನ್ ಚಕ್ರ ಅವನೇ ಕಡೆದು ತಂದ. ಅದರಿಂದ ಗಾಡಿಯ ಓಟ ಕಡಿಮೆಯಾಯಿತು, ಎಳೆತ ಜಾಸ್ತಿಯಾಯಿತು. ಸೈಲೆನ್ಸರ್ ಎತ್ತಿ ಸೀಟಿನ ಪಕ್ಕಕ್ಕೆ ತಂದೆವು. ಮುಂದಿನ ಮಡ್‌ಗಾರ್ಡ್ ಮೇಲಕ್ಕೆ ಏರಿಸಿದೆವು. ಮುಂದಿನ ಸ್ಪ್ರಿಂಗುಗಳ ಮೇಲೆ ಪೈಪಿನ ತುಂಡು ಕೂರಿಸಿ ಗಟ್ಟಿ ಮಾಡಿದೆವು. ಗಡ್ಡೆ ಗಡ್ಡೆಯ ಟೈರು ಮಾತ್ರ ಸೂರತ್‌ನಲ್ಲಿ ಸಿಗಲಿಲ್ಲ. ಅಹಮದಾಬಾದಿನ ಹಳೇ ಸಾಮಾನಿನ ಬಜಾರಿನಲ್ಲಿ ಒಂದು ಜೊತೆ ಹುಡುಕಿ, ಎರಡನ್ನೂ ಕೊರಳಿಗೆ ಹಾಕಿಕೊಂಡು ಅವನು ಪ್ಲಾಟ್‌ಫಾರಂ ಮೇಲೆ ಇಳಿದು ಬಂದಾಗ ಕೂಲಿಗಳೆಲ್ಲ ನಕ್ಕರು.

"ಏನ ತಮ್ಮಾ, ಎಲೆಕ್ಷನ್ ಗೆದ್ದು ಬಂದೀಯೇನು? ಹಾರ ಜೋರ ಅದಾವು," ಅಂದೆ.

"ತೆಗಿಯಣ್ಣ ಮೊದ್ಲು, ಕತ್ತು ಬಿದ್ದೋಯ್ತು."

ಒಮ್ಮೆ ಮಣ್ಣಿಗೆ ಹೋಗಿ ಬಂದರೆ ವಾರವಿಡೀ ಅದರ ಸೇವೆ. ಗಾಳಿ ಸೋಸುವ ಸ್ಪಂಜು ಪೆಟ್ರೋಲಿನಲ್ಲಿ ತೊಳೆದು, ಹಿಂಡಿ, ಎಣ್ಣೆ ಸವರಿ ಹಾಕಬೇಕು. ಪ್ರತಿ ನಟ್ಟಿಗೂ ಪಾನಾ, ಅಂದರೆ ಸ್ಪ್ಯಾನರ್, ಹಚ್ಚಿ ನೋಡಬೇಕು. ಚೈನು ಬಿಚ್ಚಿ ಡೀಸೆಲ್‌ನಲ್ಲಿ ನೆನೆಹಾಕಬೇಕು. ನೆನೆಹಾಕಲು ನಾನು ತೆಗೆದುಕೊಳ್ಳುತ್ತಿದ್ದುದು ಹೆಂಡತಿಯ ಪಾತ್ರೆಯನ್ನೇ.

"ಚೈನಿಗೆ ವಾರಕ್ಕೊಮ್ಮೆ ಎಣ್ಣಿ ಸ್ನಾನ ಮಾಡಸ್ತೀರಿ," ಅಂದಳು ಒಮ್ಮೆ. "ನನ್ನ ತಲಿಗೆ ಎಂದರ ಒಂದು ಹನಿ ಹಾಕೀರೇನು?"

ನಾನು ನಕ್ಕೆ. ಅವಳು ನಗಲಿಲ್ಲ. ಆ ಗಾಡಿ ಇಲ್ಲದೆ ಹೋದರೆ ನಾನು ಆ ಊರಿನಲ್ಲಿ ಬಾಳಲಾರೆ ಎಂದು ಅವಳಿಗೂ ಗೊತ್ತಿತ್ತು. ವಾರವೆಲ್ಲ ಗೇಟಿನೊಳಗೆ ಇರಲು ಸಾಧ್ಯವಾಗಿದ್ದೇ ಭಾನುವಾರ ಆ ಗಾಡಿಯ ಮೇಲೆ ನಿಂತು ಗಾಳಿ ಕುಡಿಯುವ ಆಸೆಯಿಂದ.

ತಾಪಿ ನದಿಯ ಒಣ ಪಾತ್ರದಲ್ಲಿ ಕಲ್ಲು ಸಿಡಿದು ಇಂಜಿನಿನ ಹೊಟ್ಟೆಗೆ ಬಡಿಯುತ್ತಿತ್ತು. ಅದಕ್ಕೆ ಅಡಿಯಲ್ಲಿ ಅಗಲವಾದ ಕಬ್ಬಿಣದ ತಗಡು ಹಾಕಿದೆ. ಬೋಲ್ಟು ಹಾಕಿದರೆ ಕಂಪನಕ್ಕೆ ಸಡಿಲಾಗಿ ಕಿಲಕಿಲ ಅನ್ನುತ್ತಿತ್ತು. ಬೇಸತ್ತು ಮಿಲ್ಲಿನ ವೆಲ್ಡರ್ ಕೈಲಿ ಫ್ರೇಮಿಗೇ ಬೆಸೆಸಿಬಿಟ್ಟೆ. ಇನ್ನು ಜನ್ಮದಲ್ಲಿ ಬಿಚ್ಚುವುದಿಲ್ಲ ಎಂದು ಗೆಳೆಯನ ಮುಂದೆ ಹೆಮ್ಮೆಯಿಂದ ಹೇಳಿಯೂ ಇದ್ದೆ.

ಚಳಿಗಾಲದ ಒಂದು ಭಾನುವಾರ ನದಿ ಬೇಡ, ಡುಮಸ್ ಕಡಲತೀರದ ಆಚೆಯ ಖಾಡಿಯ ಕಡೆ ಹೋಗೋಣ ಎಂದು ಹೊರಟೆವು. ಖಾಡಿ ಅಂದರೆ ಸಮುದ್ರದ ನೀರು ಒಳಗೆ ಬಂದು ಹೋಗುವ ತಗ್ಗು. ಬಳ್ಳಾರಿ ಜಾಲಿಯ ಪೊದೆ ದಾಟಿ ದಡಕ್ಕೆ ಬಂದಾಗ ಗಾಡಿ ನಿಲ್ಲಿಸಿ ನೋಡಿದೆ. ಕಣ್ಣು ಹಾಯುವ ತನಕ ಕಪ್ಪು ಬಯಲು. ಮೇಲೆ ಬಿರುಕು ಬಿರುಕು. ಥೇಟ್ ನಮ್ಮೂರ ಬೇಸಿಗೆಯ ಹೊಲ.

"ಅಣ್ಣ, ಯಾಕೋ ಡೌಟು ಕಣಣ್ಣ," ಅಂದ ಗೆಳೆಯ. "ಒಂದ್ಸಲ ನಡ್ಕೊಂಡ್ ಹೋಗಿ ನೋಡ್ಬರೋಣ."

"ನೀ ಕಬ್ಬಿನ ಗದ್ದಿ ಮಂದಿ, ನಿನಗೇನ್ ಗೊತ್ತಪಾ ಎರಿ ನೆಲಾ? ಹಿಂಗ ಬಿರಕ ಬಿಟ್ಟಿತ್ತಂದ್ರ ಒಳಗ ಕಲ್ಲಾಗೇತಿ ಅಂತ ತಿಳಕೋ. ಇದರ ಮ್ಯಾಲ ನಾವು ಟ್ರ್ಯಾಕ್ಟರ್ ಹೊಡಿತೀವಿ."

"ಆಯ್ತು ಬಿಡಣ್ಣ. ಟ್ರ್ಯಾಕ್ಟರ್ ಸಾವ್ಕಾರ್ರು ಹೇಳಿದ್ಮೇಲೆ ಇನ್ನೇನೈತೆ."

ನಮ್ಮೂರಿನಲ್ಲಿ ನಾನು ಹೇಳಿದ್ದು ನಿಜ. ಎರೆ ಮಣ್ಣು ಬಿರಿದಿದೆ ಅಂದರೆ ಒಳಗಿನ ತೇವವೆಲ್ಲ ಆರಿದೆ ಅಂತಲೇ. ಖಾಡಿಯಲ್ಲಿ ಬಿಸಿಲಿಗೆ ಬಿರಿಯುವುದು ಮೇಲಿನ ಸಿಪ್ಪೆ ಮಾತ್ರ ಎಂದು ನನಗೆ ಯಾರು ಹೇಳಬೇಕಿತ್ತು? ನಾನು ಕೇಳಿಯೂ ಇರಲಿಲ್ಲ.

ಅವನನ್ನು ದಡದಲ್ಲಿ ಬಿಟ್ಟು ಒಬ್ಬನೇ ಇಳಿದೆ. ಮೊದಲಿಗೆ ಗಟ್ಟಿಯಾಗಿಯೇ ಇತ್ತು. ಕಾಲಿಡುವ ಪೆಗ್ಗಿನ ಮೇಲೆ ಎದ್ದು ನಿಂತು ಮೂರನೇ ಗೇರಿಗೆ ಹಾಕಿದೆ. ಎಷ್ಟೋ ದಿನಗಳ ಮೇಲೆ ಎದೆ ತುಂಬ ಉಸಿರು ಹೋಯಿತು. ಒಮ್ಮೆಲೇ ಹಿಂದಿನ ಗಾಲಿ ಕುಸಿಯಿತು. ಥ್ರಾಟಲ್ ತಿರುವಿದೆ. ಗಡ್ಡೆ ಟೈರು ಕೆಸರು ತೋಡಿ ತೋಡಿ ಹಿಂದಕ್ಕೆ ಎರಚಿತು.

"ರೇಸ್ ಮಾಡ್ಬೇಡಣ್ಣ! ತೋಡ್ತಾ ಐತೆ!" ಎನ್ನುತ್ತ ಅವನು ಓಡಿ ಬಂದ. ಬರುವಷ್ಟರಲ್ಲಿ ಗಾಡಿ ಹೊಟ್ಟೆಯ ಮೇಲೆ ಕೂತಿತ್ತು. ನಾನು ಇಳಿದರೆ ಮೊಣಕಾಲು ಮುಳುಗಿತು. ಎತ್ತಿದರೆ ಚಪ್ಪಲಿ ಒಳಗೇ ಉಳಿಯಿತು.

ಇಬ್ಬರೂ ಸೇರಿ ಎತ್ತಿದೆವು. ಅಲುಗಲಿಲ್ಲ. ನಾನು ಬೆಸೆಸಿದ್ದ ತಗಡು ಹಸಿ ರೊಟ್ಟಿ ಹಂಚಿಗೆ ಹಿಡಿದಂತೆ ಕೆಸರಿಗೆ ಹಿಡಿದಿತ್ತು. ತಗಡಿನ ಕೆಳಗೆ ಗಾಳಿ ಹೋಗದೆ ಅದು ಮೇಲೇಳುವಂತಿರಲಿಲ್ಲ. ಬೋಲ್ಟಿನ ತಗಡಾಗಿದ್ದರೆ ಕೈ ತೂರಿಸಿ ಬಿಚ್ಚಿ, ಗಾಡಿಯನ್ನು ಮಾತ್ರ ಎತ್ತಬಹುದಿತ್ತು.

ಅಷ್ಟರಲ್ಲಿ ದೂರದಲ್ಲಿ ಬಲೆ ಸುತ್ತುತ್ತಿದ್ದ ಮೀನುಗಾರನೊಬ್ಬ ಕೂಗಿದ. "ಏ ಭಾಯ್! ಭರತಿ ಆವೇ ಛೇ! ನೀಕಳೋ!" ಸಮುದ್ರದ ಉಬ್ಬರ ಬರುತ್ತಿದೆ, ಹೊರಬನ್ನಿ ಅಂತ. ನಾನು ಸಮುದ್ರದ ಕಡೆ ನೋಡಿದೆ. ಅಲೆಯೇನೂ ಕಾಣಲಿಲ್ಲ. ಗೆಳೆಯ ನನ್ನ ತೋಳು ಹಿಡಿದು ಹಿಂದಕ್ಕೆ ತಿರುಗಿಸಿದ. ನಮಗೂ ದಡಕ್ಕೂ ನಡುವಿನ ಕಾಲುವೆಗಳಲ್ಲಿ ಸದ್ದಿಲ್ಲದೆ ನೀರು ತುಂಬುತ್ತಿತ್ತು.

"ಬಿಟ್ಟಾಕು ಅಣ್ಣ, ನಡಿ."

"ಹಿಂದಿನ ಗಾಲಿ ಬಿಚ್ಚೂಣು. ಹಗುರ ಆಗ್ತೈತಿ."

"ಅಣ್ಣ, ನೀರು ನೋಡಣ್ಣ!"

"ಪಾನಾ ಕೊಡು!"

ಕೊಟ್ಟ. ಬೈಯುತ್ತಲೇ ಅವನೂ ಸೀಟು ಕಿತ್ತ, ಟ್ಯಾಂಕು ಬಿಚ್ಚಿದ. ನಾನು ಗಾಲಿ ಎಳೆದು ತೆಗೆದೆ. ಆದರೂ ಫ್ರೇಮು ಏಳಲಿಲ್ಲ. ತಗಡಿನ ಅಂಚಿಗೆ ಬೆರಳು ಸಿಕ್ಕಿಸಲು ಬೋರಲಾಗಿ ಬಗ್ಗಿದ್ದೆ. ಏಳಲು ಹೋದರೆ ಎಡಗಾಲು ತೊಡೆಯ ತನಕ ಒಳಗಿತ್ತು. ಎಳೆದಷ್ಟೂ ಯಾರೋ ಕೆಳಗಿನಿಂದ ಹಿಡಿದುಕೊಂಡಂತೆ. ನೀರು ಇಂಜಿನಿನ ಬಿಸಿ ಆರಿಸುವ ರೆಕ್ಕೆಗಳಿಗೆ ತಾಗಿ ಚುಯ್ ಎಂದಿತು. ಬಿಸಿ ಇಂಜಿನು ಉಪ್ಪುನೀರು ಕುಡಿಯುವ ಆ ಸದ್ದು ಕೇಳಿದಾಗಲೇ ನನಗೆ ಭಯವಾದದ್ದು. ಅಲ್ಲಿಯವರೆಗೆ ಗಾಡಿಯ ಚಿಂತೆ, ಆಮೇಲೆ ಕಾಲಿನ ಚಿಂತೆ. ಆದರೂ ಕೈ ಹ್ಯಾಂಡಲ್ ಬಿಡಲಿಲ್ಲ.

ಮೀನುಗಾರ ಒಂದು ಉದ್ದ ಹಲಗೆಯನ್ನು ಕೆಸರಿನ ಮೇಲೆ ಜಾರಿಸುತ್ತ ಬಂದ. "ಗಾಡಿ ಛೋಡೋ, ಲೇಟ್ ಜಾಓ!" ಅಂದ. ಗಾಡಿ ಬಿಟ್ಟು ಮಲಗಿಕೊ ಅಂತ. ನಾನು ಬಿಡದಿದ್ದುದು ನೋಡಿ ಗೆಳೆಯನೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಹಲಗೆಯ ಮೇಲೆ ಮುಖ ಅಡಿಯಾಗಿ ಮಲಗಿದೆ. ಇಬ್ಬರೂ ಸೇರಿ ನನ್ನನ್ನು ಎಳೆದರು. ಗೆಳೆಯ ಬೆನ್ನಿಗೆ ಗಾಲಿ ಕಟ್ಟಿಕೊಂಡಿದ್ದ, ಸೀಟೂ ಟ್ಯಾಂಕೂ ಹಲಗೆಯ ಮೇಲೆ ನನ್ನ ಜೊತೆಗಿದ್ದವು. ಹೊರಡುವ ಮುನ್ನ ಮೀನುಗಾರ ಹ್ಯಾಂಡಲಿಗೆ ಹಗ್ಗ ಕಟ್ಟಿ, ತುದಿಗೆ ಖಾಲಿ ಪ್ಲಾಸ್ಟಿಕ್ ಕ್ಯಾನು ಸಿಕ್ಕಿಸಿದ. ದಡದಲ್ಲಿ ಕೂತು ನೋಡುತ್ತಿದ್ದಂತೆ ಹ್ಯಾಂಡಲೂ ಮುಳುಗಿತು. ಬಿಳಿ ಕ್ಯಾನು ಒಂದೇ ನೀರಿನ ಮೇಲೆ ಅಲ್ಲಾಡುತ್ತಿತ್ತು.

ಆ ರಾತ್ರಿ ಇಬ್ಬರೂ ಮೀನುಗಾರನ ಗುಡಿಸಲಲ್ಲೇ ಉಳಿದು, ಮರುದಿನ ಪಾಳಿ ತಪ್ಪಿಸಿ, ನೀರು ಇಳಿದಾಗ ಅವನದೇ ಹಲಗೆ, ಹಗ್ಗ ಹಿಡಿದು ಎಳೆದೆವು. ತಗಡಿನ ಅಂಚನ್ನು ಗುದ್ದಲಿಯಿಂದ ಸುತ್ತ ಬಿಡಿಸಿದ ಮೇಲೆ ದೊಡ್ಡ ತೇಗು ತೆಗೆದಂತೆ ಸದ್ದು ಮಾಡಿ ಗಾಡಿ ಮೇಲೆ ಬಂತು. ಟೆಂಪೋದಲ್ಲಿ ಮನೆಗೆ ತಂದು ನಾನು ಕುಂಟುತ್ತ ಇಳಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. "ಕಾಲ ತೋರಸ್ರಿ," ಅಂದಳು. ನೋಡಿದ ಮೇಲೆ ಬಕೆಟ್ಟಿನಲ್ಲಿ ಸಿಹಿನೀರು ತಂದು ಗಾಡಿಯ ಮೇಲೆ ಸುರಿಯತೊಡಗಿದಳು.

ಇಂಜಿನು ಪೂರ್ತಿ ಬಿಚ್ಚಿದೆ. ಒಳಗೆ ಬೂದು ಕೆಸರು. ಸಿಹಿನೀರು, ಡೀಸೆಲ್, ಮತ್ತೆ ಡೀಸೆಲ್. ಬೇರಿಂಗು, ಸೀಲು, ಮ್ಯಾಗ್ನೆಟ್ಟಿನ ಕಾಯಿಲ್ ಹೊಸದು. ಆ ಚಳಿಗಾಲವೆಲ್ಲ ನಮ್ಮ ಕೋಣೆಯಲ್ಲಿ ಮಲಗಲು ಇದ್ದ ಜಾಗದ ಅರ್ಧ ಆ ಇಂಜಿನಿನ ಭಾಗಗಳಿಗೆ ಹೋಯಿತು. ಕೊನೆಗೆ ಕಿಕ್ ಹೊಡೆದು ಹೊಡೆದು ಸಾಕಾದಾಗ ಅದು ಎದ್ದಿತು. ಗೆಳೆಯ ಫೋನಿನಲ್ಲೇ ಶಿಳ್ಳೆ ಹೊಡೆದ.

ಮುಂದಿನ ಭಾನುವಾರ ಇಬ್ಬರೂ ತಾಪಿಯ ಪಾತ್ರಕ್ಕೆ ಹೋದೆವು. ಅಲ್ಲಿ ನೂರಾರು ಸಲ ಓಡಿಸಿದ್ದೇನೆ, ಪ್ರತಿ ಕಲ್ಲಿನ ಗುರುತೂ ಇದೆ. ಆದರೂ ಎದುರಿಗೆ ಖಾಲಿ ನೆಲ ಕಂಡೊಡನೆ ನನ್ನ ಕೈ ತಾನಾಗಿ ಥ್ರಾಟಲ್ ಮುಚ್ಚಿತು. ಇಳಿದು ಕಾಲಿನಿಂದ ನೆಲ ಒತ್ತಿ ನೋಡಿದೆ. ಹತ್ತಿದೆ, ಮತ್ತೆ ಇಳಿದೆ. ಗೆಳೆಯ ಅವತ್ತು ತಮಾಷೆ ಮಾಡಲಿಲ್ಲ.

"ವಾಪಸ್ ಹೋಗೋಣ ಬಾರಣ್ಣ," ಅಂದ.

ಆಮೇಲೆ ಮಿಲ್ಲಿನ ಹಿಂದಿನ ಕಾಂಕ್ರೀಟ್ ಗಲ್ಲಿಯಲ್ಲಿ ಮಾತ್ರ ಅದನ್ನು ಓಡಿಸಿದೆ. ಎರಡೂ ಕಡೆ ಕಾಂಪೌಂಡು. ಈ ತುದಿಯ ಗೋಡೆಯಿಂದ ಆ ತುದಿಯ ಗೋಡೆಗೆ, ಎರಡನೇ ಗೇರಿನಲ್ಲಿ. ತಿರುಗಿಸಿಕೊಂಡು ಮತ್ತೆ ಈಚೆಗೆ. ಇಂಜಿನು ಚೆನ್ನಾಗಿಯೇ ಇತ್ತು, ಎಳೆತವೂ ಇತ್ತು. ಎಳೆದುಕೊಂಡು ಹೋಗಲು ಜಾಗ ಮಾತ್ರ ಇರಲಿಲ್ಲ. ಇದ್ದ ಜಾಗವನ್ನು ನನ್ನ ಕೈ ನಂಬುತ್ತಿರಲಿಲ್ಲ.

ನಿಮ್ಮ ಗಾಡಿಯೂ ಹೀಗೆ ಎಲ್ಲಾದರೂ ಹೂತಿತ್ತೆ? ಆಮೇಲೆ ನಿಮ್ಮ ಕೈ ಮತ್ತೆ ಥ್ರಾಟಲ್ ಪೂರ್ತಿ ತಿರುವಿತೆ? ತಿರುವಿದ್ದರೆ ಹೇಗೆ ಎಂದು ದಯವಿಟ್ಟು ಬರೆಯಿರಿ. ಟೈಪ್ ಮಾಡುವುದು ನಿಧಾನವೇ ಹೊರತು ಓದುವುದು ನಿಧಾನವಲ್ಲ.