ಬಣ್ಣ ಕಳೆದುಕೊಂಡ ನೀರು

ಸ್ವಾತಂತ್ರ್ಯ ಬರುವುದಕ್ಕೆ ಎರಡು ವರ್ಷ ಮುಂಚೆ ನಾನು ದೇವನಹಳ್ಳಿ ತಾಲ್ಲೂಕಿನ ಒಂದು ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಪ್ರಯೋಗಗಳನ್ನು ಮಕ್ಕಳೇ ಕೈಯಾರೆ ಮಾಡಬೇಕೆಂಬ ಹುಚ್ಚು ನನಗೆ. ಕಿಟಕಿಗಳಿಗೆ ಗೋಣಿ ಕಟ್ಟಿ, ಒಂದೇ ಸಂದಿಯಿಂದ ಬಂದ ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಗೋಡೆಯ ಮೇಲೆ ಏಳು ಬಣ್ಣ ಬೀಳುತ್ತಿದ್ದವು. ಕಾಲರಾ ಬಂದಾಗ ಬಾವಿಗೆ ಹಾಕುವ ನೇರಳೆ ಪುಡಿಯನ್ನು ಗಾಜಿನ ನಳಿಕೆಯ ನೀರಿನಲ್ಲಿ ಕರಗಿಸಿ, ಆ ನಳಿಕೆಯನ್ನು ಬೆಳಕಿಗೆ ಅಡ್ಡ ಹಿಡಿದರೆ ಹಸಿರು ಮಾತ್ರ ಮಾಯ.

"ಹಸಿರನ್ನ ನೀರು ನುಂಗ್ತು. ಮಿಕ್ಕ ಬೆಳಕೇ ನಮಗೆ ನೇರಳೆಯಾಗಿ ಕಾಣೋದು" ಎಂದೆ.

ನೀರು ಕೊಳೆಯಾಗಿದ್ದರೆ ಆ ಪುಡಿಯ ಬಣ್ಣ ಹೋಗುತ್ತದೆ. ಅದನ್ನು ತೋರಿಸಲು, ಎಲ್ಲರೂ ಮನೆಯಲ್ಲಿ ಕುಡಿಯುವ ನೀರನ್ನು ತರಬೇಕೆಂದು ಹೇಳಿದೆ.

ಊರಾಚೆಯ ಕೇರಿಯಿಂದ ಬರುತ್ತಿದ್ದವನು ಒಬ್ಬನೇ. ಅವನ ಜಾತಿಯವರು ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ಸೀಸೆಯನ್ನು ಬೂದಿ ಹಾಕಿ ಉಜ್ಜಿ, ತುಂಬ ಜೋಪಾನವಾಗಿ ತಂದಿದ್ದ.

ಒಬ್ಬೊಬ್ಬರ ನೀರನ್ನೂ ಒಂದೊಂದು ನಳಿಕೆಗೆ ಸುರಿದು ಚಿಟಿಕೆ ಪುಡಿ ಹಾಕಿಸಿದೆ. ಅರ್ಧ ಗಂಟೆಯಾದರೂ ಉಳಿದವರ ನಳಿಕೆಗಳು ನೇರಳೆಯಾಗಿಯೇ ಇದ್ದವು. ಅವನದು ಕಂದುಬಣ್ಣಕ್ಕೆ ತಿರುಗಿತು. ಅದನ್ನು ಬೆಳಕಿಗೆ ಅಡ್ಡ ಹಿಡಿದಾಗ ಗೋಡೆಯ ಮೇಲೆ ಹಸಿರು ಮತ್ತೆ ಮಸುಕಾಗಿ ಮೂಡಿತು.

"ನೋಡ್ರೋ, ಪ್ರಯೋಗ ಅಂದ್ರೆ ಇದು!" ಹಿಗ್ಗಿನಿಂದ ಅವನ ನಳಿಕೆಯನ್ನು ಎತ್ತಿ ಹಿಡಿದೆ.

"ಥೂ, ಇದನ್ನ ಕುಡೀತೀಯೇನ್ಲಾ?" ಎಂದ ಮುಂದಿನ ಸಾಲಿನವನೊಬ್ಬ. ತರಗತಿಯೆಲ್ಲ ನಕ್ಕಿತು. ನಾನು ಯಾರನ್ನೂ ಗದರಲಿಲ್ಲ. ಬೋರ್ಡಿನ ಮೇಲೆ ಬರೆಯುವುದರಲ್ಲಿ ಮುಳುಗಿದ್ದೆ.

ಅವನು ಎದ್ದು ನಿಂತ. "ನಮ್ ನೀರು ಕೆಟ್ಟದೆ ಅಂತ ಗೊತ್ತಾಯ್ತಲ್ಲ ಸಾ. ಊರ ಬಾವೀಲಿ ಸೇದಕ್ಕೆ ಬಿಡ್ತಾರಾ?"

"ಕೇಳಿ ನೋಡ್ತೀನಿ ಕಣಪ್ಪ."

ಸಂಜೆ ಊರಿನ ಯಜಮಾನರ ಮನೆಗೆ ಹೋಗಿ ಕೇಳಿದೆ. "ಅವ್ರ ಬಾವಿಗೆ ಇನ್ನೊಂದು ಹಿಡಿ ಪುಡಿ ಹಾಕ್ಸೋಣ. ನೀವು ಪಾಠ ಹೇಳ್ಕೊಂಡಿರಿ ಮೇಷ್ಟ್ರೇ" ಎಂದರು. ಕಾಫಿ ಕೊಟ್ಟರು. ಕುಡಿದು ಬಂದೆ.

ಮರುದಿನ ಆ ಮಾತನ್ನು ತಿಳಿಸಿದಾಗ ಹುಡುಗ ನನ್ನ ಮುಖ ನೋಡಲಿಲ್ಲ. "ಆ ನೀರು ಕೆಟ್ಟದೆ ಅಂತ ನಮ್ಮವ್ವಂಗೆ ಮೊದ್ಲೇ ಗೊತ್ತಿತ್ತು ಸಾ. ಈ ಹುಡುಗ್ರಿಗೆಲ್ಲ ಗೊತ್ತಿರ್ಲಿಲ್ಲ, ಅಷ್ಟೇಯ."

ಆಮೇಲೆ ಅವನು ಶಾಲೆಗೆ ಬರಲಿಲ್ಲ. ಕೇರಿ ಹತ್ತು ನಿಮಿಷದ ದಾರಿ, ಹೋಗಿ ಕರೆಯಬಹುದಿತ್ತು. ಏನೆಂದು ಕರೆಯಲಿ ಎಂಬ ನೆವ ಹುಡುಕಿಕೊಂಡು ಕೂತೆ. ಆ ವರ್ಷ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ನನ್ನ ಪ್ರಯೋಗಗಳನ್ನು ಹೊಗಳಿ ಬರೆದು ಹೋದರು. ಅದೇ ವಾರ ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದು ಹಾಕಿದವನೂ ನಾನೇ.